ಗೆರೆ ಎಳೆಯದ ನಾಲ್ಕು ಪುಟ

ಪ್ರಯಾಣಿಕರ ಗಮನಕ್ಕೆ, ಎಂದು ಮೈಕಿಗೆ ಹೇಳಿ ಅವಳು ಅಲ್ಲೇ ನಿಂತುಬಿಟ್ಟಳು. ಮುಂದೆ ಓದಬೇಕಾದ ಚೀಟಿ ಕಣ್ಣೆದುರಿಗೇ ಇತ್ತು. ಬಸ್ಸಿನ ನಂಬರು, ಹೋಗುವ ಊರು, ಹೊರಡುವ ಹೊತ್ತು, ನಿಂತಿರುವ ಪ್ಲಾಟ್‌ಫಾರಂ. ಇಪ್ಪತ್ತೆಂಟು ವರ್ಷದಿಂದ ದಿನಕ್ಕೆ ಇನ್ನೂರು ಸಲ ಓದಿದ ನಾಲ್ಕೇ ನಾಲ್ಕು ಸಂಗತಿ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಿಯಾಳು. ಆದರೆ ತಲೆಯೊಳಗೆ ಬೆಳಗಿನಿಂದ ಬೇರೆಯೇ ಒಂದು ಪ್ರಕಟಣೆ ಸುತ್ತುತ್ತಿತ್ತು: ಇವತ್ತು ನಾಲ್ಕೂಕಾಲಿಗೆ ಅವರು ಬರುತ್ತಾರೆ, ಬಂದು ಎದುರಿಗೆ ಕೂತು ಅರ್ಥ ಕೇಳುತ್ತಾರೆ. ಸಾವರಿಸಿಕೊಂಡು ಚೀಟಿ ಓದಿದಳು, ವಾಡಿಕೆಯಂತೆ ಎರಡು ಸಲ ಓದಿದಳು, ಮೈಕಿನ ಗುಂಡಿ ಆರಿಸಿ ನೀರು ಕುಡಿದಳು. ಗಾಜಿನಾಚೆ ನೋಡಿದರೆ ನಾಲ್ಕನೇ ಪ್ಲಾಟ್‌ಫಾರಂನಲ್ಲಿದ್ದ ಜನವೆಲ್ಲ ಗಂಟುಮೂಟೆ ಹೊತ್ತುಕೊಂಡು ಆರನೆಯದಕ್ಕೆ ಓಡುತ್ತಿದ್ದಾರೆ. ಒಬ್ಬ ಅಜ್ಜಿಯನ್ನು ಮೊಮ್ಮಗಳು ದರದರ ಎಳೆದುಕೊಂಡು ಹೋಗುತ್ತಿದ್ದಾಳೆ. ಡ್ರೈವರು ಬಂದು ಗಾಜಿಗೆ ಬೆರಳಿನಲ್ಲಿ ಕುಟ್ಟಿದ. "ಏನಮ್ಮಾ, ಬಸ್ಸು ಇಲ್ಲಿ ನಿಂತಿದೆ, ಜನಾನ ಅಲ್ಲಿಗೆ ಓಡಿಸ್ತಿದೀರಲ್ಲ? ಹಗಲುಗನಸಾ?" ಅವಳು ತಪ್ಪಾಯಿತು ಎಂದು ಕೈಯಾಡಿಸಿ ಮತ್ತೆ ಗುಂಡಿ ಒತ್ತಿದಳು. ತಿದ್ದಿ ಹೇಳುವಾಗಲೂ ಧ್ವನಿ ಅದೇ, ತಣ್ಣಗೆ, ತಪ್ಪು ಬೇರೆ ಯಾರದ್ದೋ ಎಂಬಂತೆ. ಜನ ವಾಪಸು ಓಡಿದರು. ಅವಳನ್ನು ಯಾರೂ ಬೈಯಲಿಲ್ಲ, ಆ ಧ್ವನಿಯನ್ನು ಬೈಯಲು ಯಾರಿಗೂ ತೋಚುವುದಿಲ್ಲ.

ಫೋನು ಬಂದದ್ದು ಮೂರು ದಿನದ ಹಿಂದೆ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಔಷಧಿ ಅಂಗಡಿಯ ಮೇಲೆ, ಕಣ್ಣು ಕಾಣದವರಿಗಾಗಿ ಒಂದು ಧ್ವನಿ ಗ್ರಂಥಾಲಯವಿದೆ. ಅದರ ಉಸ್ತುವಾರಿ ಹೆಂಗಸು ಮಾತಾಡುವುದೇ ಹಾಗೆ, ಸಂತೋಷದ ಸುದ್ದಿಯನ್ನೂ ಅರ್ಜೆಂಟು ಎಂಬಂತೆ. "ನಿಮ್ಮನ್ನ ನೋಡ್ಬೇಕಂತೆ ಒಬ್ರು. ನೋಡ್ಬೇಕು ಅಂದ್ರೆ ಗೊತ್ತಲ್ಲ, ಅವರ ನೋಡೋದು ಅಂದ್ರೆ ಮಾತಾಡೋದು. ಗಡಿಯಾರ ರಿಪೇರಿ ಮಾಡ್ತಿದ್ರು ಪಾಪ, ಎರಡು ವರ್ಷದಿಂದ ಪೂರ್ತಿ ಕಣ್ಣು ಹೋಗಿದೆ. ನೀವು ಓದಿದ ಆ ದೊಡ್ಡ ಕಾದಂಬರಿ ಇದೆಯಲ್ಲ, ಏಳು ಸಲ ಕೇಳಿದಾರೆ ಕಣ್ರೀ, ಏಳು ಸಲ! ಇಷ್ಟು ಅರ್ಥ ಮಾಡ್ಕೊಂಡು ಓದೋರು ಇರ್ತಾರೆ ಅಂತ ಗೊತ್ತಿರ್ಲಿಲ್ಲ ಅಂತಾರೆ. ಒಂದೇ ಒಂದು ವಿಷಯ ಕೇಳ್ಬೇಕಂತೆ." ಅವಳು, ಆಗಲಿ ಬರಲಿ, ಎಂದಳು. ಬೇರೇನು ಹೇಳಿಯಾಳು? ಫೋನು ಇಟ್ಟ ಮೇಲೆ ಮೊದಲು ಖುಷಿಯಾಯಿತು, ಸುಳ್ಳು ಯಾಕೆ ಹೇಳಬೇಕು, ಮೈಯೆಲ್ಲ ಹಗುರವಾಗುವಷ್ಟು ಖುಷಿ. ಯಾರೋ ಒಬ್ಬರು, ಈ ಊರಿನಲ್ಲೇ ಎಲ್ಲೋ ಒಂದು ಕೋಣೆಯಲ್ಲಿ ಕೂತು, ಅವಳನ್ನು ಓದುವವಳು ಎಂದುಕೊಂಡಿದ್ದಾರೆ. ಎರಡು ಬಸ್ಸು ಹೊರಡಿಸುವಷ್ಟರಲ್ಲಿ ಆ ಖುಷಿಯೆಲ್ಲ ಇಳಿದುಹೋಯಿತು. ಯಾಕೆಂದರೆ ಆ ಕಾದಂಬರಿಯ ತಲೆಬುಡ ಅವಳಿಗೆ ಗೊತ್ತಿರಲಿಲ್ಲ. ನಾನೂರ ಹನ್ನೆರಡು ಪುಟ ಗಟ್ಟಿಯಾಗಿ ಓದಿದ್ದಳು, ಒಂದು ಸಾಲೂ ಒಳಗೆ ಹೋಗಿರಲಿಲ್ಲ.

ಆ ಕೆಲಸ ಹಿಡಿದದ್ದೇ ಅವಳ ಧ್ವನಿಯಿಂದ. ಬಿಟ್ಟಿ ಓದಿಕೊಡುವವರು ಬೇಕು ಎಂದು ಉಸ್ತುವಾರಿ ಬಸ್‌ಸ್ಟ್ಯಾಂಡಿಗೇ ಬಂದು ಕೇಳಿದ್ದಳು. ಮೊದಲು ಮಕ್ಕಳ ಕಥೆ, ಆಮೇಲೆ ಒಂದು ಪ್ರವಾಸದ ಪುಸ್ತಕ, ಆಮೇಲೆ ಇದು. "ಯಾರೂ ಒಪ್ತಿಲ್ಲ ಇದನ್ನ ಓದಕ್ಕೆ. ಮೇಷ್ಟ್ರೊಬ್ರು ಹತ್ತು ಪುಟ ಓದಿ ತಲೆನೋವು ಅಂತ ಹೋದ್ರು. ನಿಮಗಾದ್ರೆ ತಲೆನೋವು ಬರಲ್ಲ ಬಿಡಿ." ಒಳ್ಳೆಯ ಮಾತೆಂದೇ ಅಂದದ್ದು. ಅವಳು ಓದುವ ರೀತಿಯೇ ಬೇರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಅನೌನ್ಸರು ಕಲಿಸಿಕೊಟ್ಟ ರೀತಿ ಅದು: ಓದುವುದಕ್ಕೆ ಮೊದಲು ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಸಣ್ಣ ಗೆರೆ ಎಳೆದುಕೊಳ್ಳಬೇಕು, ಉಸಿರು ತೆಗೆದುಕೊಳ್ಳುವ ಕಡೆ ಒಂದು ಗೆರೆ, ನಿಲ್ಲುವ ಕಡೆ ಎರಡು ಗೆರೆ. ಆ ಗೆರೆಗಳ ನಡುವೆ ಇರುವುದು ಬಸ್ಸಿನ ನಂಬರೋ, ಯಾರದೋ ಮರಣವೋ, ಧ್ವನಿಗೆ ವ್ಯತ್ಯಾಸವಿಲ್ಲ. "ಒಳಗೆ ಬಿಟ್ಕೋಬೇಡಮ್ಮ," ಎನ್ನುತ್ತಿದ್ದರು ಆ ಹಿರಿಯರು. "ಕಳೆದುಹೋದ ಮಗೂನ ಹೆಸರು ಓದ್ಬೇಕಾಗುತ್ತೆ, ಒಳಗೆ ಬಿಟ್ಕೊಂಡ್ರೆ ನಾಲಿಗೆ ತೊದಲುತ್ತೆ. ಮತ್ತೆ ಯಾವಾಗ್ಲೂ ಎರಡು ಸಲ ಓದು. ಮೊದಲ ಸಲದ್ದು ಎಬ್ಬಿಸಕ್ಕೆ, ಎರಡನೇ ಸಲದ್ದು ತಿಳಿಸಕ್ಕೆ." ಹಾಗೆಯೇ ಅವಳು ನಾನೂರು ಪುಟಕ್ಕೆ ಗೆರೆ ಎಳೆದಳು, ಶನಿವಾರ ಶನಿವಾರ ಹೋಗಿ ರೆಕಾರ್ಡರಿನ ಮುಂದೆ ಓದಿದಳು. ಸತ್ತ ತಾಯಿಯ ಬಟ್ಟೆಬರೆಯನ್ನು ಮಗಳೊಬ್ಬಳು ಒಂದು ಮಧ್ಯಾಹ್ನವಿಡೀ ಮಡಚಿ ಇಡುವುದು, ಅಷ್ಟೇ ಕಥೆ. ಅದರೊಳಗೆ ಯಾವುದು ಈಗಿನದು, ಯಾವುದು ಹಿಂದಿನದು, ಯಾರು ಯಾರಿಗೆ ಹೇಳುತ್ತಿದ್ದಾರೆ, ಆ ದೇವರಿಗೇ ಗೊತ್ತು. ತಿಳಿಯದ ಸಾಲು ಬಂದಾಗಲೆಲ್ಲ ಅವಳು ಧ್ವನಿಯನ್ನು ಸ್ವಲ್ಪ ತಗ್ಗಿಸಿ ನಿಧಾನ ಮಾಡುತ್ತಿದ್ದಳು. ಅದೊಂದು ಉಪಾಯ, ಹಾಗೆ ಮಾಡಿದರೆ ಓದುವವರಿಗೆ ಎಲ್ಲ ತಿಳಿದಿದೆ ಎಂದು ಕೇಳುವವರಿಗೆ ಅನಿಸುತ್ತದೆ.

ಆಮೇಲೆ ಆ ನಾಲ್ಕು ಪುಟ. ಅದನ್ನು ನೆನೆಯಬಾರದು ಎಂದುಕೊಂಡಷ್ಟೂ ನೆನಪಾಗುತ್ತದೆ. ಇನ್ನೂರ ಹನ್ನೊಂದರಿಂದ ಇನ್ನೂರ ಹದಿನಾಲ್ಕು. ಆ ಪುಟಗಳಿಗೆ ಗೆರೆ ಎಳೆಯಲು ಕೂತಾಗ ಅವಳಿಗೆ ಪೆನ್ಸಿಲು ಎಲ್ಲಿ ಇಡಬೇಕೆಂದೇ ತಿಳಿದಿರಲಿಲ್ಲ. ನಾಲ್ಕು ಪುಟಕ್ಕೂ ಒಂದೇ ವಾಕ್ಯ, ನಿಲ್ಲಲು ತಾವಿಲ್ಲ, ಉಸಿರಿಗೆ ಸಂದಿಯಿಲ್ಲ. ಆಗಿನ ಮಟ್ಟಿಗೆ ಬಿಟ್ಟು, ಓದುವ ದಿನ ನೋಡಿದರಾಯಿತು ಎಂದುಕೊಂಡಳು. ಓದುವ ದಿನ ಇನ್ನೂರ ಹತ್ತನೇ ಪುಟದ ಕೊನೆಗೆ ಬಂದಾಗ ಗೋಡೆಯ ಗಡಿಯಾರ ಐದಕ್ಕೆ ಏಳು ನಿಮಿಷ ತೋರಿಸುತ್ತಿತ್ತು. ಐದೂಕಾಲಿನ ಬಸ್ಸು ತಪ್ಪಿದರೆ ಮುಂದಿನದು ಏಳಕ್ಕೆ. ಮನೆಯಲ್ಲಿರುವ ಅಕ್ಕ ಮಾತ್ರೆಗೆ ಮೊದಲು ಊಟ ಮಾಡಬೇಕು, ಅಡುಗೆ ಇವಳದೇ. ಕೋಣೆಯಲ್ಲಿ ಯಾರೂ ಇರಲಿಲ್ಲ, ಹೊರಗಿನ ಸದ್ದು ತಡೆಯಲು ಗೋಡೆಗೆ ಹೊಡೆದ ಹಳೇ ಕಂಬಳಿಗಳಷ್ಟೇ. ಅವಳು ಎರಡು ಹಾಳೆ ಒಟ್ಟಿಗೆ ಸರಿಸಿ ಇನ್ನೂರ ಹದಿನೈದರಿಂದ ಓದಿದಳು. ಯಾರಿಗೆ ಗೊತ್ತಾಗಬೇಕು ಇದು? ಅರ್ಥವಾಗದ್ದರಲ್ಲಿ ನಾಲ್ಕು ಪುಟ ಕಮ್ಮಿಯಾದರೆ ಅರ್ಥವಾಗದ್ದು ಇನ್ನಷ್ಟು ಕಮ್ಮಿಯಾದೀತು, ಅಷ್ಟೇ ತಾನೇ. ಬಸ್ಸು ಸಿಕ್ಕಿತು, ಕಿಟಕಿ ಪಕ್ಕದ ಸೀಟೂ ಸಿಕ್ಕಿತು.

ಮನೆಯಲ್ಲಿ ಅವಳಿಗೆ ದಪ್ಪಕ್ಷರ ಎಂದು ಹೆಸರು. ಹದಿನಾಲ್ಕು ವರ್ಷದವಳಾಗಿದ್ದಾಗ ಬಿದ್ದ ಹೆಸರು, ಐವತ್ತೊಂದಾದರೂ ಹೋಗಿಲ್ಲ. ಅಕ್ಕ ಆಗ ಕಾಲೇಜು, ಭಾನುವಾರ ಮುಂದಿನ ಕೋಣೆಯಲ್ಲಿ ಅವಳ ಗೆಳೆಯರು ಗೆಳತಿಯರು ಸೇರಿ ಕವಿತೆ ಓದುತ್ತಿದ್ದರು. ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಒಳಗಿನಿಂದ ಒಂದು ಸಾಲು ಕೇಳಿಸುವುದು, ಆಮೇಲೆ ಸದ್ದೇ ಇಲ್ಲ, ಆಮೇಲೆ ಯಾರೋ ಒಬ್ಬರು "ಆಹಾ" ಎನ್ನುವುದು. ಆ "ಆಹಾ"ದ ಮುಂಚೆ ಏನಾಗುತ್ತದೆ ಎಂಬುದೇ ಅವಳ ಹಂಬಲ. ಅಷ್ಟು ಹೊತ್ತು ಸುಮ್ಮನಿದ್ದು ಅವರೆಲ್ಲ ಎಲ್ಲಿಗೆ ಹೋಗಿ ಬರುತ್ತಾರೆ? ಒಂದು ದಿನ ಟೀ ತಟ್ಟೆ ಹಿಡಿದು ಒಳಗೆ ಹೋದವಳು ತಟ್ಟೆ ಇಟ್ಟ ಮೇಲೂ ನಿಂತೇ ಇದ್ದಳು. ಕನ್ನಡಕದವನೊಬ್ಬ, "ಇವಳ ಧ್ವನಿ ಚೆನ್ನಾಗಿದೆಯಲ್ಲ, ಇವಳೇ ಓದ್ಲಿ" ಎಂದು ಪುಸ್ತಕ ಕೈಗೆ ಕೊಟ್ಟ. ಓದಿದಳು. ಎಲ್ಲರೂ ಸುಮ್ಮನಾದರು, ಆ ಸುಮ್ಮನಿರುವಿಕೆ ಅವಳದೇ ಬಾಯಿಂದ ಹೊರಟದ್ದು ಎಂದು ಮೈ ಜುಮ್ಮೆಂದಿತು. ಆಮೇಲೆ ಕನ್ನಡಕದವನು, "ಹೇಳು ಪುಟ್ಟಿ, ಇದರಲ್ಲಿ ನಿಂಗೆ ಏನು ಹಿಡಿಸ್ತು?" ಎಂದ. ಅವಳು ಪುಸ್ತಕ ನೋಡಿದಳು. ನಿಜವನ್ನೇ ಹೇಳಿದಳು. "ಅಕ್ಷರ ದಪ್ಪ ಇದೆ. ಓದಕ್ಕೆ ಚೆನ್ನಾಗಿದೆ." ಮನೆ ಹಾರಿಹೋಗುವಂತೆ ನಕ್ಕರು. ಕೆಟ್ಟ ನಗುವೇನಲ್ಲ, ಮುದ್ದಿನ ನಗುವೇ. ಅಕ್ಕ ಹತ್ತಿರ ಎಳೆದುಕೊಂಡು ಕೆನ್ನೆ ಹಿಂಡಿದಳು. "ಹೋಗೇ ದಪ್ಪಕ್ಷರ, ಇದೆಲ್ಲ ನಿನ್ನ ತಲೆಗೆ ಹತ್ತಲ್ಲ." ಅವಳೂ ನಗುತ್ತಲೇ ತಟ್ಟೆ ಎತ್ತಿಕೊಂಡು ಹೊರಗೆ ಬಂದಳು. ಬಾಗಿಲನ್ನು ಈ ಸಲ ತಾನೇ ಮುಚ್ಚಿದಳು. ಮೂವತ್ತೇಳು ವರ್ಷವಾಯಿತು, ಇವತ್ತಿಗೂ ಯಾರಾದರೂ ಪುಸ್ತಕದ ಮಾತು ತೆಗೆದರೆ ಅವಳ ಕೈ ತಾನಾಗಿಯೇ ಯಾವುದಾದರೂ ತಟ್ಟೆ ಹುಡುಕುತ್ತದೆ.

ಈ ಮೂರು ದಿನ ಅವಳು ಓದಿದ್ದಾಳೆ, ಪೆನ್ಸಿಲಿಲ್ಲದೆ, ಬಾಯಿ ಮುಚ್ಚಿಕೊಂಡು. ಗ್ರಂಥಾಲಯದ ಪ್ರತಿ ಅಲ್ಲೇ ಇದ್ದುದರಿಂದ ಅಕ್ಕನ ಕಪಾಟಿನಿಂದ ಅವಳ ಪ್ರತಿ ತೆಗೆದಳು. ಸದ್ದಿಲ್ಲದೆ ಓದುವುದು ಎಷ್ಟು ಕಷ್ಟ ಎಂದು ಗೊತ್ತಾದದ್ದೇ ಆಗ. ಧ್ವನಿಯಿಲ್ಲದಿದ್ದರೆ ಅವಳ ಕಣ್ಣು ಸಾಲಿನಿಂದ ಸಾಲಿಗೆ ಜಾರಿ ಪುಟದ ಬುಡಕ್ಕೆ ಬಂದುಬಿಡುತ್ತಿತ್ತು, ಬಂದ ಮೇಲೆ ನೋಡಿದರೆ ಕೈ ಖಾಲಿ. ಮತ್ತೆ ಮೇಲಿನಿಂದ. ಒಂದು ಪುಟವನ್ನು ನಾಲ್ಕು ಸಲ ಓದಿದಳು. ಹತ್ತೊಂಬತ್ತನೇ ಪುಟದಲ್ಲಿ ಮಗಳು ತಾಯಿಯ ಸ್ವೆಟರಿನ ತೋಳನ್ನು ಒಳಹೊರಗು ಮಾಡುವಾಗ ಮೊಣಕೈಯ ಹತ್ತಿರ ಉಣ್ಣೆ ಸವೆದಿರುವುದನ್ನು ನೋಡುತ್ತಾಳೆ, ಅಲ್ಲಿ ಓದುತ್ತಿದ್ದ ಅವಳಿಗೆ ಒಂದು ಕ್ಷಣ ಏನೋ ಸಿಕ್ಕಂತಾಯಿತು. ಇದೇನಾ ಅದು, ಎಂದು ಕೇಳಿಕೊಳ್ಳುವಷ್ಟರಲ್ಲಿ ಹೋಯಿತು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. "ಏನೇ ದಪ್ಪಕ್ಷರ, ಈಗ ಓದ್ತಿದೀಯಾ ಅದನ್ನ? ಓದಿ ಆಯ್ತಲ್ಲೇ ನಿಂದು, ಊರಿಗೆಲ್ಲ ಕೇಳೋ ಹಾಗೆ!" ಅವಳು ಕೇಳಬೇಕೆಂದುಕೊಂಡದ್ದನ್ನು ಕೇಳಿಯೇಬಿಟ್ಟಳು. "ಅಕ್ಕ, ಇಂಥ ಪುಸ್ತಕಾನ ಹೇಗೆ ಓದ್ಬೇಕೇ?" ಅಕ್ಕ, "ಅದು ಹೇಳಿಕೊಟ್ಟು ಬರೋದಲ್ಲ" ಎಂದು ಒಳಗೆ ಹೋದಳು. ಎರಡನೇ ದಿನ ನಲವತ್ತನೇ ಪುಟ ದಾಟಿದಾಗ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಚ್ಚಾಗಿ ಬಂದಾಗಿನಿಂದ ಯಾರ ಬೆರಳೂ ಸೋಕದ ಹಾಳೆ, ಬಿಡಿಸಿದರೆ ಸಣ್ಣಗೆ ಪಟ್ ಎನ್ನುತ್ತಿತ್ತು. ಇಪ್ಪತ್ತು ವರ್ಷದಿಂದ ಆ ಕಪಾಟಿನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ನಿಂತಿದ್ದ ಪುಸ್ತಕ! ಅವಳಿಗೆ ಗೆದ್ದೆ ಎನಿಸಬೇಕಿತ್ತು. ಹಾಗಾಗಲಿಲ್ಲ. ಬೇಸರವಾಯಿತು, ಯಾರೋ ಇದ್ದಾರೆಂದು ಇಷ್ಟು ವರ್ಷ ಬಾಗಿಲ ಹೊರಗೆ ಕಾದಿದ್ದ ಕೋಣೆಯಲ್ಲಿ ಯಾರೂ ಇರಲಿಲ್ಲವೇನೋ ಎಂದು. ಪಟ್ ಎಂಬ ಸದ್ದು ಅಕ್ಕನಿಗೆ ಕೇಳದಿರಲಿ ಎಂದು ಹಾಳೆಗಳನ್ನು ಮೆಲ್ಲಗೆ ಬಿಡಿಸಿದಳು. ಮೂರು ದಿನಕ್ಕೆ ಅರವತ್ತೆರಡು ಪುಟ ಆಯಿತು.

ಮಧ್ಯಾಹ್ನ ಸಹೋದ್ಯೋಗಿ ಹುಡುಗಿಗೆ ಮೈಕು ಬಿಟ್ಟುಕೊಟ್ಟು, ಮುಖ ತೊಳೆದು, ತಲೆ ಬಾಚಿ, ನಾಲ್ಕು ಗಂಟೆಗೇ ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದಳು. ನೋಡಲಾಗದವರಿಗಾಗಿ ತಲೆ ಬಾಚಿಕೊಂಡೆನಲ್ಲ ಎಂದು ಅರ್ಧ ಮೆಟ್ಟಿಲಲ್ಲಿ ನಾಚಿಕೆಯಾಯಿತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಸಿದ್ಧ ಮಾಡಿಕೊಂಡಿದ್ದಳು: ಇದು ನೆನಪಿನ ಕಥೆ, ಇದರಲ್ಲಿ ಕಾಲ ನೇರವಾಗಿ ಹೋಗುವುದಿಲ್ಲ, ಬಟ್ಟೆ ಎಂದರೆ ಬರೀ ಬಟ್ಟೆಯಲ್ಲ. ಪುಸ್ತಕದ ಬೆನ್ನ ಮೇಲೆ ಅಚ್ಚಾಗಿದ್ದ ಮಾತುಗಳು ಅವು, ಬಾಯಿಪಾಠ ಮಾಡಿದ್ದಳು. ಓದುವ ಕೋಣೆಯ ಮೇಜಿನ ಮೇಲೆ ಉಸ್ತುವಾರಿ ಪುಸ್ತಕವನ್ನು ತೆಗೆದಿಟ್ಟಿದ್ದಳು, ಅವಳದೇ ಪೆನ್ಸಿಲ್ ಗೆರೆಗಳಿದ್ದ ಪ್ರತಿ. "ಅವರು ಆಗ್ಲೇ ಬಂದಿದಾರೆ," ಎಂದು ಪಿಸುಗುಟ್ಟಿ, ಎರಡು ಲೋಟ ಟೀ ಇಟ್ಟು, ಬಾಗಿಲೆಳೆದುಕೊಂಡು ಹೋದಳು. ಗಡಿಯಾರದವರು ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ಕಂಬಳಿಯನ್ನು ಅಂಗೈಯಿಂದ ಸವರುತ್ತ. ಅರವತ್ತರ ಆಸುಪಾಸು. ಇಸ್ತ್ರಿ ಮಾಡಿದ ಅಂಗಿ, ಒಂದು ಗುಂಡಿ ಮಾತ್ರ ತಪ್ಪು ಕಾಜಿಗೆ ಹೋಗಿತ್ತು. ಕೈಯಲ್ಲಿ ಗಡಿಯಾರ ಕಟ್ಟಿದ್ದರು, ಗಾಜು ತೆಗೆದದ್ದು.

"ಬಂದ್ರಾ?" ಎಂದರು. ಅವಳು ಇನ್ನೂ ಬಾಯಿ ತೆರೆದಿರಲಿಲ್ಲ.

"ಬಂದೆ. ಕೂತ್ಕೊಳ್ಳಿ, ಏಳ್ಬೇಡಿ."

ಅವರು ಆ ಧ್ವನಿಗೆ ಮುಖವೆತ್ತಿ ನಕ್ಕರು. "ಇದೇ. ಇದೇ ಧ್ವನಿ. ಬಸ್‌ಸ್ಟ್ಯಾಂಡಿನದ್ದೂ ನೀವೇ ಅಂತ ಆಮೇಲೆ ಗೊತ್ತಾಯ್ತು ನೋಡಿ. ಎಷ್ಟು ವರ್ಷ ನಿಮ್ಮ ಮಾತು ಕೇಳಿ ಬಸ್ ಹತ್ತಿದೀನೋ!" ಟೀ ಲೋಟವನ್ನು ಎರಡು ಬೆರಳಲ್ಲಿ ಮುಟ್ಟಿ ಬಿಸಿ ನೋಡಿದರು. "ನಾನು ಓದಿದೋನಲ್ಲಮ್ಮ. ಕಣ್ಣಿದ್ದಾಗ ಪೇಪರ್ ಬಿಟ್ರೆ ಬೇರೇನೂ ಓದಿದ್ದಿಲ್ಲ. ಕಣ್ಣು ಹೋದ ಮೇಲೆ ನಮ್ಮ ಮಗಳು ಇಲ್ಲಿಂದ ಏನೋ ಒಂದು ತಂದುಕೊಟ್ಲು, ಅದು ಈ ಪುಸ್ತಕ. ಕಷ್ಟದ್ದು ಅಂತ ಅವಳಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೊದಲ ಸಲ ಕೇಳಿದಾಗ ಮೆಷಿನ್ ಕೆಟ್ಟಿದೆ ಅಂದ್ಕೊಂಡೆ. ಹಿಂದಿನದ್ದು ಮುಂದೆ, ಮುಂದಿನದ್ದು ಹಿಂದೆ. ಇದ್ಯಾಕೋ ರಿಪೇರಿಗೆ ಬಂದ ಹಾಗಿದೆಯಲ್ಲ ಅಂತ ಮತ್ತೆ ಕೇಳಿದೆ."

ಅವಳು ನಕ್ಕಳು. ನಕ್ಕದ್ದು ಕೇಳಿ ಅವರಿಗೆ ಧೈರ್ಯ ಬಂತು.

"ಗಡಿಯಾರ ಆದ್ರೆ ಬೆನ್ನು ತೆಗೆದ್ರೆ ಎಲ್ಲ ಕಾಣುತ್ತೆ. ಇದಕ್ಕೆ ಬೆನ್ನೇ ಇಲ್ಲ. ಮೂರನೇ ಸಲಕ್ಕೆ ಅರ್ಥ ಮಾಡ್ಕೊಳ್ಳೋದು ಬಿಟ್ಟೆ. ಈಯಮ್ಮಂಗೆ ಅರ್ಥ ಆಗಿದೆಯಲ್ಲ, ಅವರ ಧ್ವನಿ ಹಿಡ್ಕೊಂಡು ಹೋಗೋಣ ಅಂತ. ನೀವು ಎಲ್ಲಿ ಮೆಲ್ಲಗೆ ಆಗ್ತೀರೋ ಅಲ್ಲಿ ನಾನೂ ಮೆಲ್ಲಗೆ. ಕೈ ಹಿಡಿದು ರಸ್ತೆ ದಾಟಿಸಿದ ಹಾಗೆ."

ಅವಳು ತಟ್ಟೆ ಹುಡುಕಿದಳು. ಮೇಜಿನ ಮೇಲೆ ತಟ್ಟೆಯಿರಲಿಲ್ಲ, ಲೋಟಗಳಷ್ಟೇ. ಒಂದು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಈಗ ಕೇಳುತ್ತಾರೆ, ಈಗ ಕೇಳುತ್ತಾರೆ. ನೆನಪಿನ ಕಥೆ, ಕಾಲ ನೇರವಾಗಿ ಹೋಗುವುದಿಲ್ಲ, ಬಟ್ಟೆ ಎಂದರೆ.

"ನನಗೆ ಕೇಳ್ಬೇಕಾಗಿರೋದು ಒಂದೇ," ಎಂದರು ಅವರು, ದನಿ ತಗ್ಗಿಸಿ. "ತಪ್ಪು ತಿಳೀಬೇಡಿ. ನಡುವೆ ಒಂದು ಕಡೆ ನೀವು ಓದಿಲ್ಲ, ಅಲ್ವಾ? ತಾಯಿ, ಆ ದುಪ್ಪಟಿಯ ಆ ಕೊನೆ ಹಿಡಿ, ಅಂತಾಳೆ. ಅದಾದ ಮೇಲೆ ಹಾಳೆ ಸರಿದ ಸದ್ದು. ಒಂದಲ್ಲ, ಎರಡು ಹಾಳೆ. ನಲವತ್ತು ವರ್ಷ ಮುಳ್ಳಿನ ಸದ್ದು ಕೇಳಿದ ಕಿವಿ ಇದು, ಸುಳ್ಳು ಹೇಳಲ್ಲ. ಆಮೇಲೆ ನೀವು ಒಂದು ಉಸಿರು ಎಳ್ಕೊಂಡ್ರಿ. ಆಮೇಲೆ ಓದಿದಾಗ ಮಗಳು ಕಪಾಟು ಮುಚ್ತಿದಾಳೆ, ತಾಯಿ ಇಲ್ಲ. ಅಲ್ಲಿ ತಾಯಿ ಸಾಯ್ತಾಳೆ, ಅಲ್ವಾ? ನಿಮಗೆ ಅದನ್ನ ಓದಕ್ಕೆ ಆಗ್ಲಿಲ್ಲ."

ಅವರಿಗೆ ಗೊತ್ತಾಗಿದೆ. ಗೊತ್ತಾಗಿಯೂ ಗೊತ್ತಾಗಿಲ್ಲ. ಬೈಯಲು ಬಂದವರಲ್ಲ ಇವರು, ಸಂತಾಪ ಹೇಳಲು ಬಂದವರು. ತಲೆ ಹೌದೆಂದು ಆಡಿತು. ತಲೆಯಾಡಿಸಿದ್ದು ಅವರಿಗೆ ಕಾಣುವುದಿಲ್ಲ, ಅಲ್ಲಿಗೇ ಬಿಡಬಹುದಿತ್ತು. ಆದರೆ ಬಾಯಿಯೂ "ಹೂಂ" ಎಂದುಬಿಟ್ಟಿತು, ತಗ್ಗಿದ, ನಿಧಾನದ, ಎಲ್ಲ ತಿಳಿದವರ ಆ ಹಾಳು ಧ್ವನಿಯಲ್ಲಿ. ಎಷ್ಟು ಸುಲಭವಾಗಿ ಬಂತು! ಈ ಒಂದು "ಹೂಂ"ಗಾಗಿ ಅವಳು ಮೂವತ್ತೇಳು ವರ್ಷ ಕಾದಿದ್ದಳು. ಪುಸ್ತಕದ ಮುಂದೆ ಕೂತು ದುಃಖಕ್ಕೆ ಓದಲಾರದೆ ನಿಲ್ಲಿಸಿದವಳು. ಅಂಥವಳಾಗುವ ಆಸೆ ಅವಳಿಗೆ ಎಷ್ಟಿತ್ತೆಂದರೆ, ಇನ್ನು ಎದ್ದು ಮನೆಗೆ ಹೋದರೆ ಸಾಯುವ ತನಕ ಅಂಥವಳಾಗಿಯೇ ಇರಬಹುದಿತ್ತು. ಈ ಊರಿನ ಒಂದು ಕೋಣೆಯಲ್ಲಾದರೂ.

"ಅಂದ್ಕೊಂಡೆ," ಎಂದರು ಗಡಿಯಾರದವರು. ಕಣ್ಣೊರೆಸಿಕೊಂಡರು, ಸಂಕೋಚವಿಲ್ಲದೆ. "ನಮ್ಮಮ್ಮ ಹೋದಾಗ ನಾನು ಅಂಗಡೀಲಿದ್ದೆ. ಯಾರದೋ ಗಡಿಯಾರಕ್ಕೆ ಸ್ಪ್ರಿಂಗ್ ಹಾಕ್ತಿದ್ದೆ. ಸುದ್ದಿ ಬಂತು, ಸ್ಪ್ರಿಂಗ್ ಹಾಕಿ ಮುಗಿಸಿಯೇ ಎದ್ದೆ. ಅತ್ತಿದ್ದಿಲ್ಲ ಆಗ. ನೀವು ಆ ಉಸಿರು ಎಳ್ಕೊಂಡ್ರಲ್ಲ, ಅದನ್ನ ಕೇಳಿ ಅತ್ತೆ. ಪ್ರತಿ ಸಲ ಆ ಜಾಗ ಬಂದಾಗ ಮೆಷಿನ್ ನಿಲ್ಲಿಸ್ತೀನಿ. ಐದು ನಿಮಿಷ, ಹತ್ತು ನಿಮಿಷ ಸುಮ್ನೆ ಕೂತಿರ್ತೀನಿ. ಓದೋರು ಸುಧಾರಿಸ್ಕೊಳ್ಳಿ ಅಂತ. ಏಳು ಸಲಾನೂ ನಿಮಗೋಸ್ಕರ ಕೂತಿದ್ದೆ."

ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. ಯಾರೂ ಅವಳಿಗೋಸ್ಕರ ಐದು ನಿಮಿಷ ಸುಮ್ಮನೆ ಕೂತಿರಲಿಲ್ಲ, ಬದುಕಿನಲ್ಲಿ ಒಂದು ಸಲವೂ. ಅಪ್ಪ ಅಮ್ಮ ಕೂತಿರಲಿಲ್ಲ, ಅಕ್ಕ ಕೂತಿರಲಿಲ್ಲ. ಇವರು ಏಳು ಸಲ ಕೂತಿದ್ದರು. ಅವಳು ಆ ಹೊತ್ತಿನಲ್ಲಿ ಎಲ್ಲಿದ್ದಳು? ಕಿಟಕಿ ಪಕ್ಕದ ಸೀಟಿನಲ್ಲಿ, ಸಂಜೆಯ ಪಲ್ಯಕ್ಕೆ ಏನು ಮಾಡುವುದೆಂದು ಯೋಚಿಸುತ್ತ. ಇದನ್ನು ಇಟ್ಟುಕೊಳ್ಳಲಾಗದು ಎನಿಸಿತು, ಬೇರೆಯವರ ಹೆಸರಿಗೆ ಬಂದ ಕಾಗದವನ್ನು ಒಡೆದು ಓದಿಕೊಂಡ ಹಾಗೆ.

"ಇಲ್ಲ," ಎಂದಳು.

"ಏನಿಲ್ಲ?"

"ನಾನು ಅಳ್ತಿರ್ಲಿಲ್ಲ. ಐದೂಕಾಲಿನ ಬಸ್ಸಿಗೆ ಹೊತ್ತಾಗಿತ್ತು." ಅವಳ ಧ್ವನಿ ಒಡೆದು ಎಲ್ಲೆಲ್ಲೋ ಹೋಯಿತು, ಅದನ್ನು ಹಿಡಿಯಲು ಅವಳು ಯತ್ನಿಸಲಿಲ್ಲ. "ಆ ನಾಲ್ಕು ಪುಟಕ್ಕೆ ಎಲ್ಲಿ ಉಸಿರು ತಗೋಬೇಕು ಅಂತ ಗೊತ್ತಾಗ್ಲಿಲ್ಲ. ಬಿಟ್ಬಿಟ್ಟೆ. ಅಲ್ಲಿ ಏನಿದೆ ಅಂತ ನನಗೂ ಗೊತ್ತಿಲ್ಲ. ಇಡೀ ಪುಸ್ತಕದಲ್ಲಿ ಏನಿದೆ ಅಂತಾನೇ ಗೊತ್ತಿಲ್ಲ. ನಾನು ಓದೋಳಲ್ಲ. ಅನೌನ್ಸ್ ಮಾಡೋಳು. ಮೆಲ್ಲಗೆ ಓದಿದ್ದೆಲ್ಲ ನನಗೆ ತಿಳೀದೇ ಇರೋ ಕಡೆ."

ಕಂಬಳಿಗಳು ಆ ಮಾತನ್ನು ಕುಡಿದುಬಿಟ್ಟವು. ಗಡಿಯಾರದವರ ಮುಖ ಸಪ್ಪಗಾಯಿತು. ಹಾಗೆ ಒಂದು ಮುಖ ಆರುವುದನ್ನು ಅವಳು ಹತ್ತಿರದಿಂದ ಕಂಡಿರಲಿಲ್ಲ. ಅವಳ ಕೆಲಸದಲ್ಲಿ ಎಲ್ಲರೂ ಗಾಜಿನಾಚೆ ಇರುತ್ತಾರೆ. ಅವರು ಕೋಲಿಗೆ ಕೈ ಹಾಕಿದರು. ಎದ್ದರು, ಎದ್ದು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿ ನಿಂತರು. ಹೋಗಲಿ, ಎಂದುಕೊಂಡಳು ಅವಳು, ಹೋಗುವುದೇ ಸರಿ. ಆದರೆ ಅವರು ಹೋಗಬಾರದು ಎಂದು ಅವಳಿಗೆ ಎಷ್ಟು ಆಸೆಯಾಯಿತೆಂದರೆ ಕಣ್ಣು ಮುಚ್ಚಿಕೊಂಡಳು.

"ಹಾಗಾದ್ರೆ ನಾನು ಯಾರಿಗೋಸ್ಕರ ಕೂತಿದ್ದೆ?" ಎಂದರು ಅವರು, ಬಾಗಿಲಿಗೆ.

ಅವಳು ಕಣ್ಣು ತೆರೆದಳು.

ಗಾಜಿಲ್ಲದ ಗಡಿಯಾರದ ಮುಳ್ಳುಗಳನ್ನು ಅವರು ಬೆರಳ ತುದಿಯಲ್ಲಿ ಮುಟ್ಟಿ ನೋಡಿಕೊಂಡರು. ಹೊತ್ತು ನೋಡಲಿಕ್ಕಲ್ಲ, ಅಭ್ಯಾಸಕ್ಕೆ. "ಪುಸ್ತಕ ಇದೆಯಾ ಇಲ್ಲಿ?"

"ಇದೆ."

"ಓದಿ."

"ನನಗೆ ತಿಳಿಯಲ್ಲ ಅದು."

"ತಿಳಿದೋರು ಬೇಡ. ಇದುವರೆಗೂ ತಿಳಿದೋರ ಕೈ ಹಿಡ್ಕೊಂಡು ಬಂದೆ ಅಂದ್ಕೊಂಡಿದ್ದೆ, ಅವರೂ ಕುರುಡರೇ." ಕೋಪದಲ್ಲೇ ಹೇಳಿದರು. ಹೇಳಿದ ಮೇಲೆ ಆ ಮಾತು ಅವರಿಗೇ ತಮಾಷೆ ಎನಿಸಿತೇನೋ, ತುಟಿಯ ಒಂದು ಕೊನೆ ಅಲುಗಿತು. ಬಂದು ಕೂತರು.

ಇನ್ನೂರ ಹತ್ತನೇ ಪುಟದ ತುಂಬ ಅವಳ ಗೆರೆಗಳಿದ್ದವು, ಒಂದೊಂದು, ಎರಡೆರಡು, ಹೊಲಿಗೆ ಹಾಕಿದಷ್ಟು ಅಚ್ಚುಕಟ್ಟು. ಎದುರಿನ ಪುಟ ಖಾಲಿ ಅಂಗಳದಂತಿತ್ತು. ಪೆನ್ಸಿಲಿಗೆ ಹೋದ ಕೈಯನ್ನು ಹಿಂದೆ ತೆಗೆದುಕೊಂಡು ಓದತೊಡಗಿದಳು. ಹಿಡಿ ಆ ಕೊನೆ ಹಾಗಲ್ಲ ಮೂಲೆಗೆ ಬೆರಳು ಸಿಕ್ಕಿಸಿಕೋ ಈಗ ಕೊಡವು ಇನ್ನೊಂದು ಸಲ ಧೂಳು ಹೋಗಲಿ ಈಗ ಬಾ ನನ್ನ ಕಡೆ ಬಾ ನಿನ್ನ ಮೂಲೆ ನನ್ನ ಕೈಗೆ ಕೊಡು ಕೊಟ್ಟು ಬಗ್ಗು ಕೆಳಗಿನ ಮಡಿಕೆ ಹಿಡಿ ಈಗ ಹಿಂದೆ ಹೋಗು ಎಳೆ ಬಿಗಿಯಾಗಿ ಎಳೆ ನಾನು ಬೀಳುವುದಿಲ್ಲ ಎಳೆ. ಎರಡನೇ ಸಾಲಿಗೇ ಉಸಿರು ಸಾಲದಾಯಿತು. ಪದದ ನಡುವೆ ತುಂಡಾಯಿತು, ಹಿಂದೆ ಹೋಗಿ ಮತ್ತೆ ಹಿಡಿದಳು, ತೊದಲಿದಳು. ಇಪ್ಪತ್ತೆಂಟು ವರ್ಷದಲ್ಲಿ ತೊದಲದವಳು. ತಾಯಿಯ ಮಾತು ನಿಲ್ಲುತ್ತಿರಲಿಲ್ಲ. ದುಪ್ಪಟಿ ಹೇಗೆ ಮಡಚಬೇಕೆಂದು ಹೇಳುತ್ತ ಹೇಳುತ್ತ, ಮಗಳ ಮೂಗಿನ ಮೇಲಿನ ಬೆವರು, ಹೊರಗೆ ಒಣಗಲು ಹಾಕಿದ ಬಟ್ಟೆ, ತನಗೆ ಯಾರೂ ಹೇಳಿಕೊಡದೆ ಇದ್ದದ್ದು, ಎಲ್ಲ ಅದೇ ಉಸಿರಿನಲ್ಲಿ. ಪ್ರತಿ ಮಡಿಕೆಗೂ ಬಾ ಎನ್ನುತ್ತಾಳೆ, ಮಗಳು ಬರುತ್ತಾಳೆ, ಬೆರಳಿಗೆ ಬೆರಳು ತಾಗುತ್ತದೆ, ಹೋಗು ಎನ್ನುತ್ತಾಳೆ, ಹೋಗುತ್ತಾಳೆ. ಪ್ರತಿ ಸಲವೂ ನಡುವಿನ ದೂರ ಅರ್ಧವಾಗುತ್ತದೆ. ಒಂದು ಕಡೆ ಅವಳು ಓದುವುದನ್ನು ನಿಲ್ಲಿಸಿ ಹೇಳಿದಳು, "ಇಲ್ಲಿ ಯಾರು ಮಾತಾಡ್ತಿರೋದು ಅಂತ ಗೊತ್ತಾಗ್ಲಿಲ್ಲ." ಗಡಿಯಾರದವರು, "ನನಗೂ ಗೊತ್ತಾಗ್ಲಿಲ್ಲ, ಮುಂದೆ ಓದಿ" ಎಂದರು. ಗೊತ್ತಾಗಲಿಲ್ಲ ಎಂದು ಹೀಗೆ ಬಾಯಿಬಿಟ್ಟು ಹೇಳಿದರೆ ಯಾರೂ ನಗುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಓದಿದಳು. ದುಪ್ಪಟಿ ಅಂಗೈಯಗಲಕ್ಕೆ ಬಂದಿತ್ತು, ಇಬ್ಬರ ನಾಲ್ಕು ಕೈಯೂ ಅದರ ಮೇಲಿತ್ತು, ಈಗ ಬಿಡು ಎಂದು ಯಾರೋ ಒಬ್ಬರು ಹೇಳಬೇಕಿತ್ತು. ಹೇಳುವುದಕ್ಕೆ ಮೊದಲೇ ನಾಲ್ಕನೇ ಪುಟ ಮುಗಿಯಿತು.

ಕೋಣೆಯಲ್ಲಿ ಸದ್ದಿರಲಿಲ್ಲ. ಅವಳು ಪುಸ್ತಕದಿಂದ ತಲೆಯೆತ್ತಲಿಲ್ಲ. ಆ ಮುಚ್ಚಿದ ಬಾಗಿಲ ಹಿಂದೆ "ಆಹಾ"ಕ್ಕೆ ಮೊದಲು ಇರುತ್ತಿದ್ದುದು ಇದೇ ಇರಬೇಕು, ಇದಕ್ಕೆ ಹೆಸರೇನೂ ಇಲ್ಲ, ಉತ್ತರವೂ ಇಲ್ಲ. ಅವಳಿಗೆ ಅಮ್ಮನ ನೆನಪಾಯಿತು, ಅದಕ್ಕಿಂತ ಹೆಚ್ಚಾಗಿ ಅಮ್ಮನ ಉಗುರುಗಳ ನೆನಪಾಯಿತು.

"ಸಾಯೋದೆಲ್ಲಿ?" ಎಂದರು ಗಡಿಯಾರದವರು.

"ಇದರಲ್ಲಿಲ್ಲ. ಮಡಚ್ತಾ ಇದಾರೆ, ಅಷ್ಟೇ."

"ಬದುಕೇ ಇದಾಳೆ?"

"ಇದಾಳೆ."

"ಏಳು ಸಲ ನಾನೇ ಸಾಯಿಸಿದೆ ಹಾಗಾದ್ರೆ ಆಯಮ್ಮನ್ನ."

"ನಾನು ಸಾಯಿಸಿದ್ದು," ಎಂದಳು ಅವಳು. "ಬಸ್ಸಿಗೋಸ್ಕರ."

ಅವರು ಮುಖ ಮುಚ್ಚಿಕೊಂಡರು. ಹೆಗಲು ಕುಲುಕುತ್ತಿತ್ತು, ಅಳುವೋ ನಗುವೋ ತಿಳಿಯಲಿಲ್ಲ. ಅವಳು ಕೇಳಲೂ ಇಲ್ಲ, ಸುಮ್ಮನೆ ಕೂತಿದ್ದಳು. ಅವರು ಸುಧಾರಿಸಿಕೊಳ್ಳಲಿ ಎಂದು ಅವಳು ಕೂತಿದ್ದಳು, ಐದು ನಿಮಿಷವೋ ಹತ್ತು ನಿಮಿಷವೋ. ಗೋಡೆಯ ಗಡಿಯಾರದ ಕಡೆ ಬೆನ್ನು ಮಾಡಿ ಕೂತಿದ್ದರಿಂದ ಲೆಕ್ಕ ಸಿಗಲಿಲ್ಲ. ಕಂಬಳಿಗಳನ್ನು ದಾಟಿ, ಬೀದಿಯನ್ನು ದಾಟಿ, ಬಸ್‌ಸ್ಟ್ಯಾಂಡಿನ ಧ್ವನಿ ಮೆಲ್ಲಗೆ ಒಳಗೆ ಬಂತು. ಸಹೋದ್ಯೋಗಿ ಹುಡುಗಿ ಐದೂಕಾಲಿನ ಬಸ್ಸು ಹೇಳುತ್ತಿದ್ದಳು. ಹೇಳಿದಳು, ನಿಂತಳು, ಮತ್ತೆ ಹೇಳಿದಳು.

"ನಿಮ್ಮ ಬಸ್ಸು," ಎಂದರು ಅವರು, ಮುಖವೊರೆಸಿಕೊಂಡು.

"ಹೋಗ್ಲಿ ಬಿಡಿ."

"ಏಳರ ತನಕ ಇಲ್ಲವಲ್ಲ ಆಮೇಲೆ."

"ಇಲ್ಲ," ಎಂದು ಅವಳು ಎರಡು ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿದಳು. ಅವರಿಗೆ ಕೇಳಲಿ ಎಂದು ಬೇಕಂತಲೇ ಸದ್ದು ಮಾಡಿ ತಿರುಗಿಸಿದಳು. "ಒಂದು ಸಲ ತಾನೇ ಆಗಿದ್ದು. ನಮ್ಮಲ್ಲಿ ಎರಡು ಸಲ ಓದ್ಬೇಕು."

ಅವರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಅವಳು ಉಸಿರು ತೆಗೆದುಕೊಂಡು ಓದತೊಡಗಿದಳು: ಹಿಡಿ ಆ ಕೊನೆ.